ಹತ್ತಡಿಯ ಬಾಗಿಲು

ನಮ್ಮ ಮನೆಯ ಮುಂದೆ ಹಾದುಹೋಗುವವರಲ್ಲಿ ಅನೇಕರು ಒಂದು ಕ್ಷಣ ನಿಂತು ನಮ್ಮ ಗ್ಯಾರೇಜಿನ ಬಾಗಿಲನ್ನು ನೋಡುತ್ತಾರೆ. "ಇದೇನ್ರೀ, ಮನೀಗಿಂತ ಬಾಗ್ಲಾ ದೊಡ್ಡದೈತಲ್ಲ! ಒಳಗ ಆನೀ ಕಟ್ಟೀರೇನು?" ಎಂದು ಕೇಳಿದವರೂ ಇದ್ದಾರೆ. ಮಿರಜಿನಲ್ಲಿ ಮರಾಠಿಯವರು ಮರಾಠಿಯಲ್ಲಿ ಕೇಳುತ್ತಾರೆ, ಅಥಣಿ, ಕಾಗವಾಡದ ಕಡೆಯವರು ಕನ್ನಡದಲ್ಲಿ ಕೇಳುತ್ತಾರೆ. ಪ್ರಶ್ನೆ ಮಾತ್ರ ಒಂದೇ. ಆ ಬಾಗಿಲಿನ ಕಥೆಯನ್ನು ನಿಮಗೂ ಹೇಳೋಣವೆಂದು ಈ ಬಾರಿ ಪೆನ್ನು ಹಿಡಿದಿದ್ದೇನೆ. ನಾನು ಲೇಖಕಿಯಲ್ಲ, ಮಿರಜಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಾದಿಯಾಗಿ ದುಡಿದು ನಿವೃತ್ತಳಾದವಳು. ರೋಗಿಯ ಚಾರ್ಟ್ ಬರೆದ ಕೈ ಇದು, ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

ನಮ್ಮ ಯಜಮಾನರು ಮಿರಜ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಎಂಬ ಮೂರು ಅಳತೆಯ ಹಳಿಗಳನ್ನೂ ಕಂಡ ನಿಲ್ದಾಣ ಅದು. ಪುಣೆಯ ಕಡೆಗೆ ದೊಡ್ಡ ಹಳಿ, ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಮೀಟರ್ ಹಳಿ, ಪಂಢರಪುರದ ಕಡೆಗೆ ಎರಡೂವರೆ ಅಡಿಯ ಪುಟ್ಟ ಹಳಿ. ಈಗ ಎಲ್ಲವೂ ಬ್ರಾಡ್‌ಗೇಜ್ ಆಗಿದೆ. "ಒಂದು ಅಂಗುಲ ಹೆಚ್ಚುಕಮ್ಮಿ ಆದ್ರ ಗಾಡಿ ಹಳಿ ಬಿಡ್ತೈತಿ" ಎಂಬುದು ಅವರ ನಿತ್ಯದ ಮಾತು. ಇಂಥವರ ಮನೆಯಲ್ಲೇ ಅಂಗುಲದ ಲೆಕ್ಕ ತಪ್ಪಿತು ನೋಡಿ!

ನಮ್ಮ ಮಗನ ವಿಷಯ ಮೊದಲು ಹೇಳಬೇಕು. ೨೦೧೧ರಲ್ಲಿ ಅವನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದ. ಒಂದು ಸಂಜೆ ಬೈಕಿನಿಂದ ಬಿದ್ದು ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಯಿತು. ತೋಳುಗಳನ್ನು ಎತ್ತುತ್ತಾನೆ, ಬೆರಳುಗಳಿಗೆ ಬಲವಿಲ್ಲ. ಎದೆಯಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಕೆಲಸ ಮಾಡುತ್ತಾನೆ, ಬೆರಳಿನ ಗೆಣ್ಣಿನಿಂದ ಮೌಸ್ ಒತ್ತುತ್ತಾನೆ. ಸಾಂಗಲಿ, ಕುಪವಾಡದ ಸಣ್ಣ ವರ್ಕ್‌ಶಾಪುಗಳು ಅವನಿಗೆ ಕೆಲಸ ಕೊಡುತ್ತವೆ.

ಇಂಥ ಗಾಯವಾದವರ ಮನೆಯಲ್ಲಿ ಇದ್ದವರಿಗೆ ಎರಡು ವಿಷಯ ಗೊತ್ತಿರುತ್ತದೆ. ಒಂದು, ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕುಳಿತಿದ್ದರೆ ಅದಕ್ಕಿಂತ ಬೇಗ ಬೇಗ ಭಾರ ಸರಿಸಬೇಕು. ಇಲ್ಲವಾದರೆ ಒತ್ತಡದ ಹುಣ್ಣಾಗುತ್ತದೆ. ನೋವು ಗೊತ್ತಾಗದ ಮೈಯಲ್ಲಿ ಹುಣ್ಣು ಎಲುಬಿನವರೆಗೂ ಇಳಿಯಬಹುದು. ಎರಡು, ಗಾಯದ ಕೆಳಗಿನ ಮೈ ಬೆವರುವುದಿಲ್ಲ. ಬೇಸಿಗೆಯಲ್ಲಿ ನಿಮಗೂ ನನಗೂ ಸೆಖೆ ಎನಿಸುವಲ್ಲಿ ಅವನಿಗೆ ಜ್ವರವೇ ಏರುತ್ತದೆ. ಆದ್ದರಿಂದ ಕಾರಿನಲ್ಲಿ ದೂರ ಪ್ರಯಾಣವೆಂದರೆ ಅವನಿಗೆ ಶಿಕ್ಷೆ. ಎತ್ತಿ ಕೂರಿಸುವ ನಮಗೂ ವಯಸ್ಸಾಯಿತು.

ಆಗ ನಾವು ಸಾಂಗಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು, ಕೃಷ್ಣಾ ನದಿಗೆ ತೀರಾ ದೂರವಲ್ಲದ ತಗ್ಗು ಬಡಾವಣೆಯಲ್ಲಿ. ೨೦೦೫ರ ನೆರೆಯನ್ನು ಅಲ್ಲಿಯ ಹಿರಿಯರು ಕಥೆಯಂತೆ ಹೇಳುತ್ತಿದ್ದರು. ೨೦೧೯ರ ಆಗಸ್ಟಿನಲ್ಲಿ ಕಥೆ ನಮ್ಮ ಮನೆಯೊಳಗೇ ಬಂತು. ಸಾಂಗಲಿಯವರು ಮಳೆಗಾಲದಲ್ಲಿ ದಿನವೂ ಕೇಳುವ ಪ್ರಶ್ನೆ ಒಂದೇ: "ಅಯರ್ವಿನ್ ಪುಲಾದಾಗ ಎಷ್ಟು ಫೂಟ್?" ೧೯೨೯ರ ಆ ಕಲ್ಲಿನ ಸೇತುವೆಯೇ ನಮ್ಮ ಅಳತೆಗೋಲು. ೪೦ ಅಡಿಗೆ ಎಚ್ಚರಿಕೆ, ೪೫ ಅಡಿಗೆ ಅಪಾಯ. ಆ ವರ್ಷ ನೀರು ೫೭ ಅಡಿ ದಾಟಿತು. (ಆಲಮಟ್ಟಿಯಿಂದ ನೀರು ಬಿಡದ್ದಕ್ಕೆ ಹೀಗಾಯಿತೆಂದು ಅಲ್ಲಿ ಜನ ಬೈಯುವಾಗ ಕನ್ನಡ ಮಾತನಾಡುವ ನಾವು ತಲೆ ತಗ್ಗಿಸಿ ನಿಲ್ಲುತ್ತಿದ್ದೆವು, ಅಣೆಕಟ್ಟಿನ ಬೀಗದ ಕೈ ನಮ್ಮ ಸೊಂಟದಲ್ಲೇ ಇದೆಯೋ ಎಂಬಂತೆ!)

ಮಗನನ್ನು ಓಣಿಯ ಮೂವರು ಹುಡುಗರು ಚಾದರದಲ್ಲಿ ಹೊತ್ತು ದೋಣಿಗೆ ಇಳಿಸಿದರು. ಗಾಲಿಕುರ್ಚಿ, ಗಾಳಿ ತುಂಬಿದ ಹಾಸಿಗೆ ಎಲ್ಲವೂ ನೀರಿನಲ್ಲೇ ಉಳಿದವು. ಒಂಬತ್ತು ದಿನ ಆಶ್ರಯ ಶಿಬಿರದ ನೆಲದ ಮೇಲೆ ತೆಳುವಾದ ಜಮಖಾನೆ. ಅಲ್ಲಿದ್ದವರು ಒಳ್ಳೆಯವರು, ಊಟ ಕೊಟ್ಟರು, ಬಟ್ಟೆ ಕೊಟ್ಟರು. ನಾನು ರಾತ್ರಿಯಿಡೀ ಎದ್ದೆದ್ದು ಅವನ ಮಗ್ಗುಲು ಬದಲಿಸಿದೆ. ಆದರೂ ಏಳನೆಯ ದಿನ ಬೆನ್ನ ಕೆಳಗೆ ಕೆಂಪು ಕಂಡೆ. ದಾದಿಯಾಗಿ ಎಷ್ಟು ಜನರ ಬೆನ್ನಿನಲ್ಲಿ ಅದನ್ನು ನೋಡಿದ್ದೆನೋ, ಮಗನ ಬೆನ್ನಿನಲ್ಲಿ ಕಂಡಾಗ ಕೈ ನಡುಗಿತು. ಆ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಅವನು ಬೋರಲಾಗಿಯೇ ಮಲಗಿದ್ದ.

ಅಂದಿನಿಂದ ನಮ್ಮ ಯಜಮಾನರಿಗೆ ಎರಡು ಹಠಗಳು ಹತ್ತಿಕೊಂಡವು. ಇನ್ನು ಮೇಲೆ ಮನೆ ಎತ್ತರದಲ್ಲೇ ಇರಬೇಕು ಎಂಬುದು ಒಂದು. ಮಗನ ಹಾಸಿಗೆಗೆ ಚಕ್ರ ಇರಬೇಕು ಎಂಬುದು ಇನ್ನೊಂದು. ಚಕ್ರದ ಹಾಸಿಗೆ ಎಂದರೆ ಆಸ್ಪತ್ರೆಯ ಸ್ಟ್ರೆಚರ್ ಅಲ್ಲ, ಮನೆಯನ್ನೇ ಹೊತ್ತೊಯ್ಯುವ ಗಾಡಿ. ಹೊರದೇಶದಲ್ಲಿ ಕ್ಯಾಂಪರ್ ವ್ಯಾನ್ ಎನ್ನುತ್ತಾರಲ್ಲ, ಅಂಥದ್ದು.

ಮರುವರ್ಷ ಮಿರಜಿಗೆ ಬಂದೆವು. ೨೦೨೧ರ ಜುಲೈಯಲ್ಲಿ ಸಾಂಗಲಿಗೆ ಮತ್ತೆ ನೆರೆ ಬಂದಾಗ ನಾವು ಮಿರಜಿನ ಬಾಡಿಗೆ ಮನೆಯಿಂದ ಸುದ್ದಿ ಕೇಳುತ್ತಿದ್ದೆವು. ೨೦೨೨ರಲ್ಲಿ ನಿವೃತ್ತಿಯ ಹಣದಿಂದ ಒಂದು ಹಳೆಯ ಟ್ರಾವೆಲರ್ ಗಾಡಿ ಕೊಂಡೆವು. ಜನ ಅದನ್ನು ಇನ್ನೂ ಟೆಂಪೊ ಟ್ರಾವೆಲರ್ ಎಂದೇ ಕರೆಯುತ್ತಾರೆ, ಬಜಾಜ್ ಟೆಂಪೊ ಕಂಪನಿ ೨೦೦೫ರಲ್ಲೇ ಫೋರ್ಸ್ ಮೋಟಾರ್ಸ್ ಆಗಿದ್ದರೂ. ಒಳಗೆ ನಾನು ನೆಟ್ಟಗೆ ನಿಂತು ಅವನ ಮಗ್ಗುಲು ಬದಲಿಸಬಹುದು, ಅದೇ ಮುಖ್ಯ. ಒಂದು ಹಾಸಿಗೆ, ಹಿಂಬದಿಯಲ್ಲಿ ಗಾಲಿಕುರ್ಚಿ ಎತ್ತುವ ಲಿಫ್ಟ್, ಸಣ್ಣ ಒಲೆ, ನೀರಿನ ಟ್ಯಾಂಕ್, ಛಾವಣಿಯಲ್ಲಿ ಸೆಖೆಯನ್ನು ಹೊರಗೆ ಎಳೆಯುವ ಫ್ಯಾನು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಗಾಡಿಯನ್ನು ನಮಗೆ ಬೇಕಾದಂತೆ ಕೊಯ್ದು ಕಟ್ಟುವಂತಿಲ್ಲ. ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಇದೆ, ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ನಮಗೆ ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಇಂಥ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿದರೆ ಏಪ್ರಿಲ್ ಬಿಸಿಲಿಗೆ ಒಳಗೆ ರೊಟ್ಟಿ ಬೇಯಿಸಬಹುದು. ಬೆವರದ ಮಗನನ್ನು ಅದರೊಳಗೆ ಹತ್ತಿಸುವುದು ಹೇಗೆ? ಮಳೆಯಲ್ಲಿ ಲಿಫ್ಟಿನ ಮೇಲೆ ಅವನು ನೆನೆಯುತ್ತ ಕೂರಬೇಕೇ? ಅದಕ್ಕಾಗಿ ಹೊಸ ಮನೆ ಕಟ್ಟುವಾಗ ಮೊದಲು ಗ್ಯಾರೇಜಿನ ನಕ್ಷೆಯಾಯಿತು, ಆಮೇಲೆ ಅಡುಗೆಮನೆ. ಅಡುಗೆಮನೆ ಚಿಕ್ಕದಾದದ್ದಕ್ಕೆ ನಾನು ಈಗಲೂ ಗೊಣಗುವುದುಂಟು.

ಗಾಡಿಯನ್ನು ಅಳೆದೆವು. ಬರಿಯ ಮೈ ೮ ಅಡಿ ೬ ಅಂಗುಲ. ಫ್ಯಾನಿನ ಮುಚ್ಚಳ ಸೇರಿ ೯ ಅಡಿ ೧ ಅಂಗುಲ. ಬಾಗಿಲು ನೆಲದಿಂದ ಲಿಂಟಲ್‌ವರೆಗೆ ೧೦ ಅಡಿ ಇಟ್ಟೆವು, ಅಗಲವೂ ೧೦ ಅಡಿ. ಗಾಡಿಯ ಎರಡೂ ಕಡೆಯ ಕನ್ನಡಿಗಳನ್ನು ಸೇರಿಸಿ ಅಳೆದದ್ದು ಆ ಹೊತ್ತಿಗೆ ನಾವು ಮಾಡಿದ ಒಂದೇ ಜಾಣತನದ ಕೆಲಸ. ಹನ್ನೊಂದು ಅಂಗುಲ ಬಿಡುವಿದೆ, ಧಾರಾಳವಾಯಿತು ಎಂದುಕೊಂಡೆವು.

ಬಾಗಿಲು ಯಾವುದು ಎಂಬ ಚರ್ಚೆ ಒಂದು ತಿಂಗಳು ನಡೆಯಿತು. ಯಜಮಾನರಿಗೆ ಎರಡು ರೆಕ್ಕೆಯ ಕಬ್ಬಿಣದ ಗೇಟು ಬೇಕಿತ್ತು. ಅದು ಎತ್ತರವನ್ನು ತಿನ್ನುವುದಿಲ್ಲ, ಕೆಡುವುದೂ ಕಡಿಮೆ. ಆದರೆ ಐದೈದು ಅಡಿಯ ಆ ರೆಕ್ಕೆಗಳನ್ನು ಗಾಳಿಗೆ ಎದುರಾಗಿ ತಳ್ಳುವವರು ಯಾರು? ಪುಣೆಯಲ್ಲಿರುವ ಅಳಿಯ ಹಲಗೆ ಹಲಗೆಯಾಗಿ ಮೇಲೆ ಸರಿದು ಸೂರಿನ ಕೆಳಗೆ ಮಲಗುವ ಬಾಗಿಲಿನ ಚಿತ್ರ ಕಳಿಸಿದ. ನೋಡಲು ಬಹಳ ಚೆಂದ. ಆದರೆ ತೆರೆದಾಗ ಆ ಬಾಗಿಲು ಗ್ಯಾರೇಜಿನ ಒಳಗೇ ತಲೆಯ ಮೇಲೆ ಅಡ್ಡ ಮಲಗುತ್ತದೆ, ಅದರ ಹಳಿ, ಮೋಟಾರು ಎಲ್ಲ ಸೇರಿ ಎತ್ತರದ ಗಾಡಿಯ ಜಾಗವನ್ನೇ ಕಬಳಿಸುತ್ತವೆ. ಬೆಲೆ ಕೇಳಿ ಚಿತ್ರವನ್ನು ಅಲ್ಲಿಗೇ ಮುಚ್ಚಿಟ್ಟೆವು.

ಕೊನೆಗೆ ಉಳಿದದ್ದು ಅಂಗಡಿಗಳಿಗೆ ಹಾಕುವ ಉರುಳು ಶಟರ್. ಮಗ ಅದನ್ನೇ ಬಯಸಿದ್ದ, ಒಂದೇ ಕಾರಣಕ್ಕೆ. "ಅದಕ್ಕ ಮೋಟಾರ್ ಹಾಕಿದ್ರ ಒಂದ ಗುಂಡಿ ಒತ್ತಿದ್ರ ಸಾಕು. ನಾನ ತೆಗೀತೀನಿ." ಹನ್ನೆರಡು ವರ್ಷದಿಂದ ತನ್ನ ಮನೆಯ ಒಂದು ಬಾಗಿಲನ್ನೂ ತಾನೇ ತೆರೆಯದವನ ಮಾತು ಅದು. ನಾನು ಅಂದೇ ಮನಸ್ಸಿನಲ್ಲಿ ಶಟರ್ ಎಂದು ಬರೆದುಕೊಂಡೆ. ಆದರೆ ಅವನ ಬಳಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಲಿಲ್ಲ. ಗೌಂಡಿಯನ್ನು ಕೇಳಿದೆವು, ಶಟರಿನವನನ್ನು ಕೇಳಿದೆವು, ಅಳಿಯನನ್ನು ಕೇಳಿದೆವು, ಎದುರು ಮನೆಯ ಲಾರಿ ಡ್ರೈವರನ್ನೂ ಕೇಳಿದೆವು. ಒಳಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ಯಂತ್ರಗಳ ಅಳತೆ ಬರೆಯುವವನನ್ನು ಕೇಳಲಿಲ್ಲ. ಬಾಗಿಲು ಅವನಿಗಾಗಿ, ಅವನನ್ನು ಒಯ್ಯಲಿಕ್ಕಾಗಿ ಎಂದಷ್ಟೇ ನಮ್ಮ ತಲೆಯಲ್ಲಿತ್ತು.

ಶಟರ್ ಬಂತು. ಬಿಳಿ ಬಣ್ಣ, ಹೊಸ ಮೋಟಾರು, ಎರಡು ರಿಮೋಟು. ಗುಂಡಿ ಒತ್ತಿದರೆ ಗಡಗಡನೆ ಮೇಲೇರಿತು. ಏರಿ ನಿಂತ ಮೇಲೆ ಯಜಮಾನರು ಟೇಪು ಹಿಡಿದು ಅಳೆದರು, ಮತ್ತೆ ಅಳೆದರು, ಕನ್ನಡಕ ಒರೆಸಿಕೊಂಡು ಮೂರನೆಯ ಬಾರಿ ಅಳೆದರು. ೮ ಅಡಿ ೮ ಅಂಗುಲ! ಶಟರಿನ ಪಟ್ಟಿಗಳೆಲ್ಲ ಸುತ್ತಿಕೊಳ್ಳುವ ಉರುಳೆ ಇರುತ್ತದಲ್ಲ, ಅದನ್ನು ಅವನು ಲಿಂಟಲ್ಲಿನ ಕೆಳಗೇ ಬಿಗಿದಿದ್ದ. ಹತ್ತಡಿ ಶಟರ್ ಪೂರ್ತಿ ಸುತ್ತಿಕೊಂಡಾಗ ಆ ಉರುಳೆ ಒಂದು ದೊಡ್ಡ ಮಡಕೆಯಷ್ಟು ದಪ್ಪ. ಹದಿನಾರು ಅಂಗುಲ ಅಲ್ಲೇ ಹೋಯಿತು.

"ನೀವು ಹತ್ತ್ ಫೂಟಿನ ಓಪನಿಂಗ್ ಅಂದ್ರಿ, ನಾ ಹತ್ತ್ ಫೂಟಿನ ಓಪನಿಂಗಿಗೆ ಶಟರ್ ಕೊಟ್ಟೀನಿ. ಗಾಡಿ ಎಷ್ಟು ಉಂಚ ಐತಿ ಅಂತ ನೀವು ಹೇಳಿಲ್ಲ" ಎಂದ ಅವನು. ಅವನು ಹೇಳಿದ್ದೂ ಸುಳ್ಳಲ್ಲ. ಗೋಡೆಯಲ್ಲಿ ಬಿಟ್ಟ ಕಂಡಿಯ ಎತ್ತರವೇ ಬೇರೆ, ಬಾಗಿಲು ತೆರೆದ ಮೇಲೆ ನಿಜವಾಗಿ ಸಿಗುವ ಎತ್ತರವೇ ಬೇರೆ. ಶಟರ್ ಹಾಕಿಸುವವರು ದಯವಿಟ್ಟು ಎರಡನೆಯದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಅಗಲದಲ್ಲೂ ಹಾಗೆಯೇ, ಪಟ್ಟಿಗಳು ಓಡಾಡುವ ಕಂಬಿ ಎರಡೂ ಕಡೆ ಎರಡು ಮೂರು ಅಂಗುಲ ನುಂಗುತ್ತದೆ.

ಉರುಳೆಯನ್ನು ಒಳಗೆ ಲಿಂಟಲ್ಲಿನ ಮೇಲ್ಭಾಗಕ್ಕೆ ಏರಿಸೋಣವೆಂದರೆ ಅಲ್ಲಿ ಸ್ಲ್ಯಾಬಿಗೆ ಅಂತರ ಸಾಲದು. ಕೊನೆಗೆ ಹೊರಗೋಡೆಯ ಮೇಲೆ, ಕಂಡಿಗಿಂತ ಮೇಲೆ ಬಿಗಿದು, ಮಳೆ ಬೀಳದಂತೆ ತಗಡಿನ ಪೆಟ್ಟಿಗೆ ಹೊದಿಸಿದರು. ನೋಡಲು ಅಂಗಡಿಯಂತೆಯೇ ಕಾಣುತ್ತದೆ. ಇಬ್ಬರು ಬಂದು "ಯಾವಾಗ ಓಪನ್ ಮಾಡ್ತೀರಿ?" ಎಂದು ಕೇಳಿಹೋದರು. ಆದರೂ ಹತ್ತಡಿ ಹತ್ತಡಿಯೇ ಆಯಿತು. ಕೈಯಿಂದ ತಪ್ಪಿದ ಖರ್ಚು ಹನ್ನೊಂದು ಸಾವಿರ.

ಇನ್ನೂ ಕಥೆ ಮುಗಿಯಲಿಲ್ಲ.

ನೆರೆಯ ಹಠದ ಬಗ್ಗೆ ಹೇಳಿದೆನಲ್ಲ. ಮಿರಜಿನಲ್ಲಿ ನಮ್ಮ ಬಡಾವಣೆಗೆ ಕೃಷ್ಣೆ ಬಂದ ನೆನಪು ಯಾರಿಗೂ ಇಲ್ಲ. ಆದರೂ ಯಜಮಾನರು ಮನೆಯ ಜಗಲಿಯನ್ನು ರಸ್ತೆಯಿಂದ ಮೂರಡಿ ಎತ್ತರಿಸಿದ್ದರು, ಗ್ಯಾರೇಜಿನ ನೆಲವನ್ನು ಎರಡಡಿ. ರಸ್ತೆಗೂ ಗ್ಯಾರೇಜಿಗೂ ನಡುವೆ ಇರುವ ಜಾಗ ಹನ್ನೆರಡೇ ಅಡಿ. ಹನ್ನೆರಡಡಿಯಲ್ಲಿ ಎರಡಡಿ ಏರು, ಅಂದರೆ ಆರಕ್ಕೆ ಒಂದು. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾದ ಏರು ಇರಕೂಡದು ಎಂಬ ನಿಯಮ ನಮ್ಮ ಮನೆಯಲ್ಲಿ ಮಕ್ಕಳ ಮಗ್ಗಿಯಂತೆ ಬಾಯಿಪಾಠ. ಅದು ಕುರ್ಚಿಗೆ ಮಾತ್ರ, ಗಾಡಿಗೆ ಎಂಜಿನ್ ಇದೆಯಲ್ಲ ಎಂದು ಸುಮ್ಮನಿದ್ದೆವು.

ಲಿಫ್ಟು ಹಿಂಬದಿಯಲ್ಲಿರುವುದರಿಂದ ಗಾಡಿಯನ್ನು ಹಿಂದು ಮುಂದಾಗಿ ಒಳಗೆ ತರಬೇಕು, ಹಿಂಭಾಗ ಮನೆಯ ಬಾಗಿಲಿಗೆ ಬರುವಂತೆ. ೨೦೨೩ರ ಒಂದು ಭಾನುವಾರ ಮಧ್ಯಾಹ್ನ ಮೊದಲ ಬಾರಿಗೆ ಮನೆಮಂದಿಯೆಲ್ಲ ನಿಂತು ನೋಡುತ್ತಿರುವಾಗ ಯಜಮಾನರು ರಿವರ್ಸ್ ಹಾಕಿದರು. ಮಗ ಒಳಗೆ ಹಾಸಿಗೆಯ ಮೇಲಿದ್ದ, ಮೊದಲ ಪ್ರವೇಶಕ್ಕೆ ತಾನಿರಬೇಕೆಂದು. ನಾನು ಬಾಗಿಲ ಪಕ್ಕ ನಿಂತು "ಬರ್ರಿ, ಬರ್ರಿ" ಎನ್ನುತ್ತಿದ್ದೆ. ಫ್ಯಾನಿನ ಮುಚ್ಚಳ ಬಾಗಿಲಿನ ಅಡಿಯಲ್ಲಿ ಸಲೀಸಾಗಿ ದಾಟಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಟಪ್ ಎಂಬ ಸದ್ದು, ಆಮೇಲೆ ಕರಕರ. ಮುಚ್ಚಳದ ಚೂರುಗಳು ಮಗನ ಹೊದಿಕೆಯ ಮೇಲೆ ಬಿದ್ದವು. ಓಡಿಹೋಗಿ ನೋಡಿದೆ. ಮುಖಕ್ಕೆ ಏನೂ ಆಗಿರಲಿಲ್ಲ. "ಅವ್ವಾ, ಬಾಗ್ಲಾ ಅಲ್ಲ, ತೊಲಿ" ಎಂದ, ಶಾಂತವಾಗಿ.

ಬಾಗಿಲಿನಿಂದ ಮೂರೂವರೆ ಅಡಿ ಒಳಗೆ ಒಂದು ತೊಲೆ ಇದೆ, ಮೇಲಿನ ಕೋಣೆಯ ಗೋಡೆ ಅದರ ಮೇಲೆ ನಿಂತಿದೆ. ಅದರ ಅಡಿಯ ಎತ್ತರ ೯ ಅಡಿ ೮ ಅಂಗುಲ. ಅದನ್ನೂ ಅಳೆದಿದ್ದೆವು, ೯ ಅಡಿ ೧ ಅಂಗುಲದ ಗಾಡಿಗೆ ಏಳು ಅಂಗುಲ ಬಿಡುವಿತ್ತು. ಹಾಗಾದರೆ ತಾಗಿದ್ದು ಹೇಗೆ? ಗೌಂಡಿ ತೊಲೆ ಇಳಿದಿದೆಯೋ ಎಂದು ನೋಡಿದ. ಯಜಮಾನರು ಟೈರಿನ ಗಾಳಿ ಹೆಚ್ಚಾಗಿದೆ ಎಂದರು. ಗಾಡಿ ಖಾಲಿಯಿದ್ದಾಗ ಸ್ಪ್ರಿಂಗ್ ಮೇಲೇಳುತ್ತದೆ, ತುಂಬಿದಾಗ ಎರಡು ಅಂಗುಲದಷ್ಟು ಕುಳಿತುಕೊಳ್ಳುತ್ತದೆ ಎಂದು ಲಾರಿ ಡ್ರೈವರ್ ಹೇಳಿದ. ಅದೂ ನಿಜವೇ. ಆದರೆ ನಾವು ಖಾಲಿ ಗಾಡಿಯನ್ನೇ ಅಳೆದದ್ದು.

ಮಗ ಆ ರಾತ್ರಿ ನನ್ನನ್ನು ಕರೆದ. "ಅವ್ವಾ, ರಟ್ಟಿನ ಕಾಗದ ಐತೇನು? ಕತ್ತರಿ ತಗೊಂಡ ಬಾ." ಅವನು ಹೇಳಿದಂತೆ ನಾನು ಕತ್ತರಿಸಿದೆ. ಒಂದು ದೊಡ್ಡ ಹಾಳೆಯ ಮೇಲೆ ರಸ್ತೆ, ಏರು, ಗ್ಯಾರೇಜಿನ ನೆಲ, ಬಾಗಿಲು, ತೊಲೆ, ಇಪ್ಪತ್ತಕ್ಕೆ ಒಂದರ ಅಳತೆಯಲ್ಲಿ. ಗಾಡಿಯ ಪಕ್ಕದ ಆಕಾರವನ್ನು ರಟ್ಟಿನಲ್ಲಿ ಅದೇ ಅಳತೆಗೆ ಕತ್ತರಿಸಿ, ಚಕ್ರಗಳಿಗೆ ಎರಡು ಗುಂಡಿ ಅಂಟಿಸಿದೆವು. ಆಮೇಲೆ ಆ ರಟ್ಟಿನ ಗಾಡಿಯನ್ನು ಹಾಳೆಯ ಮೇಲೆ ನಿಧಾನವಾಗಿ ಹಿಂದಕ್ಕೆ ಸರಿಸಿದೆ. ಚಕ್ರ ಏರಿನ ಮೇಲಿರುವವರೆಗೂ ಗಾಡಿ ಓರೆಯಾಗಿಯೇ ಇರುತ್ತದೆ. ಹಿಂದಿನ ಚಕ್ರದಿಂದಾಚೆಗೆ ಐದು ಅಡಿಗೂ ಹೆಚ್ಚು ಮೈ ಚಾಚಿಕೊಂಡಿದೆಯಲ್ಲ, ಅದು ಬಾಲ ಎತ್ತಿದ ದನದ ಹಾಗೆ ಗ್ಯಾರೇಜಿನೊಳಗೆ ಮೇಲೆದ್ದಿತು. ಹಿಂದಿನ ಚಕ್ರ ಏರಿನ ತುದಿಗೆ ಬಂದಾಗ ಫ್ಯಾನಿನ ಮುಚ್ಚಳ ಇದ್ದದ್ದಕ್ಕಿಂತ ಎಂಟು ಅಂಗುಲ ಮೇಲೆ! ಬಿಡುವು ಇದ್ದದ್ದು ಏಳು. ಒಂದು ಅಂಗುಲಕ್ಕೆ ನಮ್ಮ ಫ್ಯಾನು ಹೋಗಿತ್ತು.

"ಇದು ನಿನಗ ಮೊದಲ ಗೊತ್ತಿತ್ತೇನೋ?" ಎಂದು ಕೇಳಿದೆ.

"ಅನುಮಾನ ಇತ್ತು."

"ಹೇಳಬೇಕಿಲ್ಲೇನು?"

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾರೂ ಕೇಳ್ಲಿಲ್ಲಲ್ಲ ಅವ್ವಾ. ಎಲ್ಲಾರೂ ಗ್ಯಾರೇಜಿನಾಗ ನಿಂತ ಮಾತಾಡ್ತಿದ್ರಿ. ಗ್ಯಾರೇಜಿಗೆ ಹೋಗಾಕ ನನಗ ಏರು ಇರ್ಲಿಲ್ಲ" ಎಂದ. ಕೋಪದಿಂದ ಹೇಳಿದ ಮಾತಲ್ಲ. ಕೋಪದಿಂದ ಹೇಳಿದ್ದರೆ ನನಗೆ ಅಷ್ಟು ತಾಗುತ್ತಿರಲಿಲ್ಲ.

ಬೆಳಿಗ್ಗೆ ಆ ಹಾಳೆಯನ್ನು ಯಜಮಾನರ ಮುಂದೆ ಹಾಸಿದೆ. ಅವರು ರಟ್ಟಿನ ಗಾಡಿಯನ್ನು ತಾವೇ ಹಿಡಿದು ನಾಲ್ಕು ಬಾರಿ ಹಿಂದೆ ಮುಂದೆ ಓಡಿಸಿದರು. ತಿರುವಿನಲ್ಲಿ ಉದ್ದ ಬೋಗಿಯ ಮೈ ಹಳಿಯಿಂದಾಚೆ ಚಾಚುವುದನ್ನು ಲೆಕ್ಕ ಹಿಡಿದೇ ಪ್ಲಾಟ್‌ಫಾರಂ ಅಂಚನ್ನು ಕಟ್ಟುತ್ತಾರೆ, ಅದು ಅವರಿಗೆ ಗೊತ್ತಿದ್ದ ಸಂಗತಿ. "ಇದೂ ಅದ ಆತಲ್ಲ" ಎಂದು ಗೊಣಗಿದರು. ಆಮೇಲೆ ಹಾಳೆಯ ಕೆಳಗಡೆ ಮಗ ಬರೆದಿದ್ದ ಎರಡನೆಯ ಚಿತ್ರವನ್ನು ನೋಡಿದರು. ಅದನ್ನು ನೋಡುತ್ತಲೇ ಮುಖ ಬಿಗಿಯಾಯಿತು.

ಆ ಚಿತ್ರದಲ್ಲಿ ಗ್ಯಾರೇಜಿನ ನೆಲವನ್ನು ಒಂದು ಅಡಿ ಕೆಳಗೆ ಇಳಿಸಲಾಗಿತ್ತು. ಆಗ ಹನ್ನೆರಡಡಿಯಲ್ಲಿ ಒಂದೇ ಅಡಿ ಏರು, ಗಾಲಿಕುರ್ಚಿಯ ಅದೇ ನಿಯಮ. ಗಾಡಿಯ ಬಾಲ ಏಳುವುದು ಐದು ಅಂಗುಲಕ್ಕೂ ಕಡಿಮೆ. ತೊಲೆಯ ಅಡಿಯಲ್ಲಿ ಸಿಗುವ ಎತ್ತರ ೧೦ ಅಡಿ ೮ ಅಂಗುಲ. ಬಿಡುವು ಒಂದಡಿಗೂ ಹೆಚ್ಚು. ತೊಲೆ ಮುಟ್ಟಬೇಕಿಲ್ಲ, ಗೋಡೆ ಒಡೆಯಬೇಕಿಲ್ಲ.

"ಒಂದಡಿ ನಾ ಬಿಡೂದಿಲ್ಲ" ಎಂದರು ಯಜಮಾನರು. ೫೭ ಅಡಿಯ ನೀರನ್ನು ನೋಡಿದವರು ಅವರು. ಮಗನನ್ನು ಚಾದರದಲ್ಲಿ ಹೊತ್ತ ದಿನ ಒಂದು ತುದಿ ಅವರ ಕೈಯಲ್ಲೇ ಇತ್ತು. ನೆರೆಯ ಮೇಲೆ ಸಂಪಾದಿಸಿದ ಎರಡಡಿಯಲ್ಲಿ ಅರ್ಧವನ್ನು ತಾವೇ ಅಗೆದು ಬಿಸಾಡಬೇಕೆಂದರೆ ಅವರಿಗೆ ಆಗುತ್ತಿರಲಿಲ್ಲ. ಎರಡು ದಿನ ಮನೆಯಲ್ಲಿ ಮಾತಿಲ್ಲ. ನಾನೂ ಯಾರ ಪಕ್ಷವನ್ನೂ ವಹಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಭಯವಿತ್ತು.

ಮೂರನೆಯ ದಿನ ಊಟದ ಹೊತ್ತಿಗೆ ಮಗನೇ ಮಾತು ತೆಗೆದ. "ಅಪ್ಪಾ, ನೀರು ಬಂತಂದ್ರ ಗಾಡಿ ಗ್ಯಾರೇಜಿನಾಗ ಇರ್ತೈತೇನು? ನಾವು ಗಾಡ್ಯಾಗ ಇರ್ತೀವಿ. ಗಾಡಿ ಜತ್ತಿನ ದಾರಿ ಹಿಡಿದಿರ್ತೈತಿ. ಅದಕ್ಕಂತ ಅಲ್ಲೇನು ಗಾಡಿ ತಗೊಂಡದ್ದು?"

ಯಜಮಾನರು ಅನ್ನ ಕಲಸುತ್ತಲೇ ಇದ್ದರು. ಮಗ ಇನ್ನೊಂದು ಮಾತು ಹೇಳಿದ. ಗಾಡಿಯ ಒಳನೆಲ ಭೂಮಿಯಿಂದ ಎರಡಡಿ ನಾಲ್ಕು ಅಂಗುಲ ಎತ್ತರ. ಗ್ಯಾರೇಜು ಒಂದಡಿ ಇಳಿದರೆ ಮನೆಯ ನೆಲ ಗ್ಯಾರೇಜಿಗಿಂತ ಎರಡಡಿ ಮೇಲಾಗುತ್ತದೆ. ಎರಡಕ್ಕೂ ವ್ಯತ್ಯಾಸ ನಾಲ್ಕೇ ಅಂಗುಲ. ನಾಲ್ಕು ಅಡಿಯ ಒಂದು ಹಲಗೆ ಇಟ್ಟರೆ ಕುರ್ಚಿ ಮನೆಯಿಂದ ನೇರವಾಗಿ ಗಾಡಿಗೆ ಹೋಗುತ್ತದೆ, ಅದೂ ಹನ್ನೆರಡಕ್ಕೆ ಒಂದರ ಏರಿನಲ್ಲೇ. ಲಿಫ್ಟು ಬೇಡ, ಕರೆಂಟು ಬೇಡ, ಯಾರೂ ಎತ್ತಬೇಕಿಲ್ಲ. "ರಾತ್ರಿ ಕರೆಂಟ್ ಹೋಗಿ ನೀರ ಬಂದ್ರೂ ನಾನ ಹೋಗ್ತೀನಿ, ಚಾದರ ಬ್ಯಾಡ" ಎಂದ.

ಮರುದಿನ ಬೆಳಿಗ್ಗೆ ಏಳಕ್ಕೇ ಗೌಂಡಿಯ ಹಾರೆಯ ಸದ್ದು ಕೇಳಿ ಎದ್ದೆ. ಯಜಮಾನರು ಬನಿಯನ್ನಿನಲ್ಲಿ ನಿಂತು ಮೊದಲ ಬುಟ್ಟಿ ಮಣ್ಣನ್ನು ತಾವೇ ಹೊತ್ತು ಹಾಕುತ್ತಿದ್ದರು.

ಉಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ನೆಲ ಇಳಿದ ಮೇಲೆ ಶಟರ್ ಒಂದಡಿ ಮೇಲೆಯೇ ನಿಂತಿತು, ಕೆಳಗೆ ನಾಯಿ ನುಗ್ಗುವಷ್ಟು ಸಂದು. ಕೆಳಗಡೆ ಪಟ್ಟಿಗಳನ್ನು ಸೇರಿಸಿದರು, ಪಕ್ಕದ ಕಂಬಿಗಳನ್ನು ಉದ್ದ ಮಾಡಿದರು, ಭಾರ ಹೆಚ್ಚಾದ್ದರಿಂದ ಸ್ಪ್ರಿಂಗನ್ನು ಮತ್ತೆ ಬಿಗಿದರು. ಉರುಳೆ ಇನ್ನಷ್ಟು ದಪ್ಪವಾಯಿತು, ಆದರೆ ಅದು ಹೊರಗಿದೆಯಲ್ಲ, ಯಾರಿಗೂ ತೊಂದರೆಯಿಲ್ಲ. ಬಾಗಿಲು ಈಗ ಹನ್ನೊಂದು ಅಡಿ, ನಾವು ಮಾತ್ರ ರೂಢಿಯಂತೆ ಹತ್ತಡಿಯ ಬಾಗಿಲು ಎನ್ನುತ್ತೇವೆ. ಮಳೆನೀರು ಒಳಗೆ ಹರಿಯದಂತೆ ಬಾಗಿಲಿನ ಮುಂದೆ ಅಡ್ಡಲಾಗಿ ಒಂದು ಮೋರಿ ತೆಗೆದು ಕಬ್ಬಿಣದ ಜಾಲರಿ ಹಾಕಿದ್ದೇವೆ. ಕರೆಂಟು ಹೋದಾಗ ಶಟರ್ ಎತ್ತಲು ಕೈಸರಪಳಿ ಇದೆ, ಅದನ್ನು ಹಾಕಿಸಿಕೊಳ್ಳದೆ ಮೋಟಾರು ಮಾತ್ರ ನಂಬಬೇಡಿ.

ಗಾಡಿಯ ಸ್ಟಿಯರಿಂಗ್ ಮುಂದೆ ಒಂದು ಚೀಟಿ ಅಂಟಿಸಿದ್ದೇವೆ: ೯ ಅಡಿ ೧ ಅಂಗುಲ, ಖಾಲಿ. ರೈಲು ಹಳಿಯ ಕೆಳಗಿನ ದಾರಿಗಳ ಮುಂದೆ, ಕೆಲವು ಪಾರ್ಕಿಂಗ್ ಜಾಗಗಳ ಮುಂದೆ ಅಡ್ಡ ಕಂಬ ಕಟ್ಟಿರುತ್ತಾರೆ, ಅಲ್ಲಿ ಬರೆದಿರುವುದು ಮೀಟರಿನಲ್ಲಿ. ಆದ್ದರಿಂದ ಮಗ ಕೆಳಗೆ ೨.೭೭ ಮೀಟರ್ ಎಂದೂ ಬರೆಸಿದ್ದಾನೆ. ಯಜಮಾನರು ಈಗ ಯಾರ ಮನೆಗೆ ಹೋಗುವುದಿದ್ದರೂ ಮೊದಲು ಫೋನ್ ಮಾಡಿ, ಆರೋಗ್ಯ ವಿಚಾರಿಸುವ ಮುಂಚೆ ಗೇಟಿನ ಕಮಾನು ಎಷ್ಟು ಎತ್ತರ ಎಂದು ಕೇಳುತ್ತಾರೆ. ಬೆಳಗಾವಿಯ ನನ್ನ ತಮ್ಮ ಇದರಿಂದ ಸ್ವಲ್ಪ ಬೇಸರಪಟ್ಟುಕೊಂಡಿದ್ದಾನೆ.

ಕಳೆದ ಡಿಸೆಂಬರಿನಲ್ಲಿ ಮಲ್ಪೆಯ ಕಡಲಿಗೆ ಹೋಗಿಬಂದೆವು. ಹನ್ನೆರಡು ವರ್ಷಕ್ಕೂ ಮೇಲೆ ಅವನು ಕಡಲು ನೋಡಿರಲಿಲ್ಲ. ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗ್ಗುಲು ಬದಲಿಸಿದೆ, ನಿಂತುಕೊಂಡೇ, ಸೊಂಟ ಬಗ್ಗಿಸದೆ. ನಾಲ್ಕನೆಯ ದಿನ ರಾತ್ರಿ ಹನ್ನೊಂದಕ್ಕೆ ಮಿರಜಿಗೆ ಮರಳಿದೆವು. ಮನೆಯ ಮುಂದೆ ಬಂದಾಗ ಯಜಮಾನರು ಹಾರ್ನ್ ಬಾರಿಸಲು ಕೈ ಇಟ್ಟರು, ಮನೆಯಲ್ಲಿ ಯಾರೂ ಇಲ್ಲವೆಂಬುದು ಮರೆತು. ಹಿಂದಿನಿಂದ ಮಗ "ತಡೀರಿ" ಎಂದ. ರಿಮೋಟನ್ನು ತೊಡೆಯ ಮೇಲಿಟ್ಟು ಬೆರಳ ಗೆಣ್ಣಿನಿಂದ ಒತ್ತಿದ. ಮೊದಲ ಸಲ ಜಾರಿತು. ಎರಡನೆಯ ಸಲಕ್ಕೆ ಶಟರ್ ಗಡಗಡನೆ ಏರತೊಡಗಿತು. ಎದುರು ಮನೆಯ ಲಾರಿ ಡ್ರೈವರ್ ಕಿಟಕಿ ತೆರೆದು ಯಾರು ಬಂದರೆಂದು ಇಣುಕಿದ.